ತೋಟದ ನಕ್ಷೆ: ಬೆಳೆಗಾರರ ಗುಂಪಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ರೊಬಸ್ಟಾ ಕಾಫಿಯ ದರ ಲಂಡನ್‌ನಲ್ಲಿ, ಅರೇಬಿಕಾ ಕಾಫಿಯ ದರ ನ್ಯೂಯಾರ್ಕ್‌ನಲ್ಲಿ ಏರಿಳಿಯುವುದು ನಮಗೆ ಹೊಸದಲ್ಲ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಹಾಳಾದರೆ ಸಕಲೇಶಪುರದಲ್ಲಿ ದರ ಕೇಳುವ ಫೋನ್ ಶುರು!

ಈಗ ತೋಟದ ಕಾಗದಪತ್ರಕ್ಕೂ ಹೊರದೇಶದ ನಿಯಮ ಬಂದಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಕಾಯ್ದೆ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ಜಾಗದ ಜಿಪಿಎಸ್ ಗುರುತೂ ಬೇಕು. ಜಾರಿಯ ದಿನ ಮುಂದಕ್ಕೆ ಹೋಗಿದ್ದು ನಿಜ. ಹಾಗಂತ ಸುಮ್ನೆ ಕೂರಬೇಡಿ. ನಮ್ಮದು ನೆರಳಿನ ತೋಟ, ಅಜ್ಜನ ಕಾಲದ ಮರಗಳು. ಅದನ್ನೂ ಕಾಗದದಲ್ಲಿ ತೋರಿಸಬೇಕು, ವಿಚಿತ್ರ ಅಲ್ವಾ?

ತೋಟದ ನಕ್ಷೆ, ಜಿಪಿಎಸ್ ಗುರುತಿನ ಕೆಲಸಕ್ಕೆ ಭಾನುವಾರ ಬೆಳಿಗ್ಗೆ 10ಕ್ಕೆ ಸೇರೋಣ. ಪಹಣಿ ತನ್ನಿ, ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ. ಅಲ್ಲಿಯವರೆಗೆ ಶುಭೋದಯದ ಚಿತ್ರ ಹಾಕಬೇಡಿ, ಈ ಸೂಚನೆ ಮೇಲೆ ಹೋಗಿಬಿಡುತ್ತದೆ.