ಬಂಡೆ ಗುಡ್ಡ ಬಂಜರು ಅಲ್ಲ, ಮ್ಯಾಪ್‌ನಲ್ಲಿ ಸರಿಮಾಡಿ

ಸಂಪಾದಕರಿಗೆ ನಮಸ್ಕಾರ,

ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿ ಗುಹೇಲಿ ಇರೋ ಕೋಲಾರ ಎಲೆಮೂಗಿನ ಬಾವಲಿ ಈಗ ಪ್ರಪಂಚದಲ್ಲಿ ಬೇರೆ ಎಲ್ಲೂ ಕಾಣಿಸ್ತಿಲ್ಲ. 1994ರಲ್ಲಿ ವಿಜ್ಞಾನಿಗಳು ಇದನ್ನ ಹೊಸ ಜಾತಿ ಅಂತ ಗುರುತಿಸಿದ್ರು, ಆಗ ತೇರಹಳ್ಳಿ ಕಡೆನೂ ಇತ್ತು, ಈಗ ಅಲ್ಲಿಲ್ಲ. ಉಳಿದಿರೋದು 200ಕ್ಕಿಂತ ಕಮ್ಮಿ, ಅದೂ ವರ್ಷಕ್ಕೆ ಒಂದೇ ಮರಿ ಹಾಕೋ ಪ್ರಾಣಿ. ಸುತ್ತ ಕಲ್ಲು ಒಡೀತಿದ್ರು, ಆಮೇಲೆ ಅರಣ್ಯ ಇಲಾಖೆ 30 ಎಕರೆ ಕಾಪಾಡ್ತು, ಅದು ನಿಜವಾಗ್ಲೂ ದೊಡ್ಡ ಕೆಲಸ.

ಆದ್ರೆ ಮಿಕ್ಕಿದ ಗುಡ್ಡಗಳ ಕಥೆ ಏನು? ಇಸ್ರೋದವರ ಭುವನ್ ವೆಬ್‌ಸೈಟ್‌ನಲ್ಲಿ ಭೂಬಳಕೆ ನಕ್ಷೆ ತೆಗೆದು ನೋಡಿ, ನಮ್ಮ ಬಂಡೆ ಗುಡ್ಡ, ಕುರುಚಲು ನೆಲ ಎಲ್ಲಾ ಬಂಜರು ಅನ್ನೋ ಗುಂಪಲ್ಲಿ ಸೇರಿಸಿಬಿಟ್ಟಿದಾರೆ, ಅದೇ ಗುಡ್ಡಕ್ಕೆ ಸಿಡಿಮದ್ದು ಇಟ್ಟು ಕ್ವಾರಿ ಮಾಡಿದ್ರೆ ಊರು ಕಟ್ಟಡಗಳ ಜೊತೆ ನಿರ್ಮಾಣ ಆದ ಜಾಗದ ಲೆಕ್ಕಕ್ಕೆ ಹೋಗುತ್ತೆ. ಪಹಣೀಲೂ ಖರಾಬು, ಅಂದ್ರೆ ಉಳುಮೆಗೆ ಬಾರದ ಜಾಗ ಅಂತಾನೇ ಇರುತ್ತೆ. ಕ್ವಾರಿಗೆ ಅರ್ಜಿ ಬಂದಾಗ ಆಫೀಸಲ್ಲಿ ಕೂತವರಿಗೆ ಈ ಎರಡೇ ಕಾಗದ ಕಾಣೋದು, ಬಂಡೆ ಸಂದೀಲಿ ಏನಿದೆ ಅಂತ ಕೇಳೋರು ಯಾರು?

ಹಂಗಂತ ಮ್ಯಾಪೇ ಬೇಡ ಅಂತಿಲ್ಲ ನಾನು, ಸರಿಯಾಗಿ ಬಳಸಿದ್ರೆ ಇಂಥ ಜೀವಿಗಳನ್ನ ಹುಡುಕೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. 2005-06ರ ನಕ್ಷೆ, 2015-16ರ ನಕ್ಷೆ ಒಂದರ ಮೇಲೊಂದು ಇಟ್ರೆ ಎಲ್ಲೆಲ್ಲಿ ಬಂಡೆ ಹೋಗಿ ಕ್ವಾರಿ ಆಯ್ತು, ಎಲ್ಲಿ ಇನ್ನೂ ಗುಡ್ಡ, ಕುರುಚಲು, ಕೆರೆ ಒಟ್ಟಿಗೆ ಉಳಿದಿದೆ ಅಂತ ಗೊತ್ತಾಗುತ್ತೆ. ಕೆರೆ, ಕುರುಚಲು ಯಾಕೆ ಅಂದ್ರೆ ಬಾವಲಿ ಹಗಲು ಗುಹೇಲಿ ಮಲಗಿ ರಾತ್ರಿ ಹುಳ ಹಿಡಿಯೋಕೆ ಸುತ್ತಮುತ್ತಲೇ ಹಾರಾಡುತ್ತೆ, ಗುಹೆ ಒಂದನ್ನೇ ಬೇಲಿ ಹಾಕಿ ಉಳಿಸಿದ್ರೆ ಅದಕ್ಕೆ ಊಟ ಎಲ್ಲಿಂದ ಬರಬೇಕು. ಇನ್ನೊಂದು ಮಾತು, ಈ 1:50,000 ಸ್ಕೇಲಿನ ನಕ್ಷೇಲಿ ಒಂದು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 500 ಮೀಟರ್, ಒಬ್ಬ ಮನುಷ್ಯ ಬಗ್ಗಿ ನುಗ್ಗೋ ಗುಹೆ ಅದರಲ್ಲಿ ಕಾಣೋಕೆ ಸಾಧ್ಯಾನೇ ಇಲ್ಲ. ಮ್ಯಾಪ್ ಜಾಗ ತೋರಿಸುತ್ತೆ ಅಷ್ಟೇ, ಗುಡ್ಡ ಹತ್ತಿ ನೋಡ್ಲೇಬೇಕು, ಕುರಿ ಮೇಯಿಸೋರನ್ನ ಕೇಳಿದ್ರೆ ಯಾವ ಬಂಡೆ ಒಳಗೆ ಏನಿದೆ ಅಂತ ಅವರೇ ಕರ್ಕೊಂಡು ಹೋಗಿ ತೋರಿಸ್ತಾರೆ.

ತುಮಕೂರು ಜಿಲ್ಲೇಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲನ್ನ ಬೀಳು ಅಂತ ಬಿಡದೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಮಾಡಿದ್ರು, ಸುಮಾರು 798 ಎಕರೆ. ಅಲ್ಲಿ ಆಗಿದ್ದು ಇಲ್ಲೂ ಆಗಬಹುದು.

ಜಿಲ್ಲಾಡಳಿತಕ್ಕೆ ಕೇಳೋದು ಇಷ್ಟೇ. ಕಂದಾಯದವರ ದಿಶಾಂಕ್ ಆಪಲ್ಲಿ ಸರ್ವೆ ನಂಬರ್ ಬರೋ ಹಾಗೆ ವನ್ಯಜೀವಿ ಇರೋ ಜಾಗಾನೂ ಅಧಿಕಾರಿಗಳಿಗೆ ಕಾಣೋ ಹಾಗೆ ಮಾಡಿ, ಗುಹೆಯ ಪಕ್ಕಾ ಜಾಗ ಎಲ್ಲರಿಗೂ ತೋರಿಸೋದು ಬೇಡ, ಜನ ನುಗ್ತಾರೆ. ಇನ್ನು ಮೇಲೆ ಹೊಸ ಕ್ವಾರಿ ಲೀಸ್ ಕೊಡೋಕೆ ಮುಂಚೆ ಆ ಗುಡ್ಡದಲ್ಲಿ ಒಂದು ಸಲ ಸಂಜೆ ಹೊತ್ತು ಸರ್ವೆ ಆಗ್ಲಿ, ಬಾವಲಿ ಹೊರಗೆ ಬರೋದು ಆವಾಗ್ಲೇ.

- ಒಬ್ಬ ಓದುಗ, ಮುಳಬಾಗಿಲು