ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತ ಮಗಳಿಗೆ

ದಾವಣಗೆರೆ
ಡಿಸೆಂಬರ್

ಪುಟ್ಟವ್ವಾ,

ಚೆನ್ನಾಗಿದ್ದೀಯಾ? ನಾವಿಬ್ಬರೂ ಚೆನ್ನಾಗಿದ್ದೇವೆ. ನಮ್ಮ ಓಣಿಯ ಮೇಷ್ಟ್ರ ಮಗ ಭಾನುವಾರ ಅಮೆರಿಕಕ್ಕೆ ಹೊರಟಿದ್ದಾನೆ. ಮಿನಿಯಾಪೊಲಿಸ್‌ಗೇ ಬರುತ್ತಾನಂತೆ. ಅವನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಫೋನಿನಲ್ಲಿ ಹೇಳೋಣ ಅಂದರೆ ನಾನು ಜೋರು ಮಾಡುತ್ತೇನೆ, ನೀನು ಕಟ್ ಮಾಡುತ್ತೀಯ. ಮೊನ್ನೆ ಆಗಿದ್ದು ಅದೇ. ಆಮೇಲೆ ನಿಮ್ಮವ್ವ ನನ್ನ ಜೊತೆ ಮಾತು ಬಿಟ್ಟಳು. ಕೂಗಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಆದರೆ ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ನೀನು ಕಳಿಸಿದ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಕೆರೆಯೆಲ್ಲ ಗಟ್ಟಿಯಾಗಿದೆ. ನಡುವೆ ನೀನು. ಕಾಲ ಹತ್ತಿರ ಒಂದು ತೂತು, ಕೈಯಲ್ಲಿ ಮೊಳದುದ್ದದ ಕೋಲು. 'ಅಪ್ಪಾ, ನೀರಿನ ಮೇಲೆ ನಡೀತಿದ್ದೀನಿ ನೋಡು' ಅಂತ ಬರೆದಿದ್ದೆ. ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ನಿನ್ನ ಮುಖ ನೋಡೋಕೆ ಅಂತಲೇ ಮಾಡಿದ್ದು. ಕಣ್ಣಿಗೆ ಬಿದ್ದದ್ದು ನಿನ್ನ ಹಿಂದಿನ ಹಿಮ. ಅದರ ಮೇಲೆ ದಡದಿಂದ ಬಂದ ಹೆಜ್ಜೆ ಒಂದೇ ಸಾಲು. ಜೊತೆಗೆ ಯಾರೂ ಇರಲಿಲ್ಲ. ಫೋನನ್ನು ಗಾಳದ ಡಬ್ಬಿಯ ಮೇಲೆ ನಿಲ್ಲಿಸಿ ನೀನೇ ತೆಗೆದುಕೊಂಡಿದ್ದೀಯ, ಅಲ್ವಾ?

ನಾಲೆಯ ಹತ್ತಿರ ಆ ದಿನ ಏನಾಯಿತು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಬರೆಯುತ್ತೇನೆ.

ನಿಮ್ಮವ್ವ ಆವತ್ತು ಬೆಳಿಗ್ಗೆ ನಿನ್ನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹೆಣೆದಿದ್ದಳು. ಶಾಲೆಯ ಕೆಂಪು ರಿಬ್ಬನ್ ಕಟ್ಟಿದ್ದಳು. ನನ್ನ ಕೈಗೆ ಮೊದಲು ಸಿಕ್ಕಿದ್ದು ಜಡೆಯ ನಡುಭಾಗ. ಎಣ್ಣೆಗೆ ಕೈ ಜಾರಿತು. ಜಾರುತ್ತಾ ಜಾರುತ್ತಾ ರಿಬ್ಬನ್ನಿನ ಗಂಟಿನ ಹತ್ತಿರ ಬಂದು ನಿಂತಿತು. ನಿಮ್ಮವ್ವ ಗಂಟು ಹಾಕಿದರೆ ಬಿಚ್ಚೋಕೆ ಹಲ್ಲು ಬೇಕು ಅಂತ ನೀನು ದಿನಾ ಅಳುತ್ತಿದ್ದೆ. ಆ ಗಂಟು ಅವತ್ತು ಬಿಚ್ಚಲಿಲ್ಲ. ಇಷ್ಟು ವರ್ಷ ಆದ ಮೇಲೂ ನಿದ್ದೆಯಲ್ಲಿ ನನ್ನ ಬಲಗೈ ಮುಷ್ಟಿ ಕಟ್ಟುತ್ತದೆ ಅಂತ ನಿಮ್ಮವ್ವ ಹೇಳುತ್ತಾಳೆ. ಯಾಕೆ ಅಂತ ಅವಳಿಗೆ ಇವತ್ತಿಗೂ ಹೇಳಿಲ್ಲ. ನೀನೂ ಹೇಳಿಲ್ಲ ಅಂತ ಗೊತ್ತು.

ನಾನು ಭದ್ರಾ ನಾಲೆಯ ಮೇಲೆ ಸೌಡಿ ಕೆಲಸ ಮಾಡಿದವನು. ಗೇಟು ಎತ್ತುವುದು, ಇಳಿಸುವುದು, ಕೊನೇ ಭಾಗದ ರೈತರು ನೀರಿಗೆ ಜಗಳ ಆಡಿದರೆ ನಡುವೆ ನಿಲ್ಲುವುದು. ಅದೆಲ್ಲ ನೀನು ನೋಡಿದ್ದೀಯ. ನಿನಗೆ ತೋರಿಸದ ಕೆಲಸವೂ ಒಂದಿತ್ತು. ಬೆಳಗಿನ ಜಾವ ಗೇಟಿಗೆ ಬಂದು ತಗಲಿಕೊಂಡವರನ್ನು ಎತ್ತುವುದು. ಅವರಲ್ಲಿ ಈಜು ಬಾರದವರು ಮಾತ್ರ ಇದ್ದರು ಅಂದುಕೊಳ್ಳಬೇಡ. ಹೊಳೆ ದಾಟುತ್ತಿದ್ದ ಗಟ್ಟಿ ಆಳುಗಳೂ ಇದ್ದರು. ನಾಲೆಯ ಎರಡೂ ಕಡೆ ಇಳಿಜಾರು ಸಿಮೆಂಟು. ನೀರಿನ ಮಟ್ಟದಿಂದ ಕೆಳಗೆ ಪಾಚಿ. ಬಿದ್ದವನು ತೇಲುತ್ತಾನೆ, ಈಜುತ್ತಾನೆ, ದಡಕ್ಕೂ ಬರುತ್ತಾನೆ. ಆದರೆ ಹತ್ತುವುದಕ್ಕೆ ಆಗುವುದಿಲ್ಲ. ಕೈಗೆ ಏನೂ ಸಿಗುವುದಿಲ್ಲ. ದಡದಲ್ಲೇ ಸೋತುಹೋಗುತ್ತಾನೆ. ಆ ದಿನದ ನಂತರ ನಾನು ಗೇಟಿನ ಕಂಬಕ್ಕೆ ಒಂದು ಹಗ್ಗ ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ ನೀರಿಗೆ ಇಳಿಬಿಟ್ಟಿದ್ದೆ. ಎಮ್ಮೆ ಕಟ್ಟೋಕೆ ಅಂತ ನಿನಗೆ ಹೇಳಿದ್ದೆ. ಅದು ಎಮ್ಮೆಗೆ ಅಲ್ಲ.

ಈಗ ನಿನ್ನ ಐಸಿಗೆ ಬರುತ್ತೇನೆ. ನಿನ್ನ ಚಿಕ್ಕಪ್ಪನ ಮಗನನ್ನು ಕೂರಿಸಿಕೊಂಡು ಮಿನೆಸೋಟಾ ಸರ್ಕಾರದ ಇಲಾಖೆಯವರು ಬರೆದಿದ್ದನ್ನೆಲ್ಲ ಓದಿಸಿದೆ. ಅವನು ಕನ್ನಡದಲ್ಲಿ ಹೇಳುತ್ತಾ ಹೋದ, ನಾನು ಹಳೇ ಡೈರಿಯಲ್ಲಿ ಬರೆದುಕೊಂಡೆ. ಒಬ್ಬ ಮನುಷ್ಯ ನಡೆಯೋಕೆ ಕಡಿಮೆ ಅಂದರೂ 4 ಇಂಚು ದಪ್ಪ ಬೇಕು. ಅದೂ ತಿಳಿಯಾದ ಹೊಸ ಐಸು. ಬೆಳ್ಳಗಿದ್ದರೆ ಅದರ ಎರಡರಷ್ಟು ಬೇಕು. ಒಂದು ಕಡೆ 4 ಇಂಚು ಇದ್ದರೆ ಹತ್ತು ಮಾರು ಆಚೆಗೂ ಅಷ್ಟೇ ಇರುತ್ತದೆ ಅನ್ನುವ ಹಾಗಿಲ್ಲ. ಹಳ್ಳ ಬಂದು ಸೇರುವ ಕಡೆ, ಒರತೆ ಇರುವ ಕಡೆ, ಜೊಂಡು ಬೆಳೆದ ಕಡೆ ತೆಳ್ಳಗಿರುತ್ತದೆ. ಮೇಲೆ ಹಿಮ ಬಿದ್ದರೆ ಅದು ಕಂಬಳಿ ಹೊದಿಸಿದ ಹಾಗೆ. ಕೆಳಗೆ ಐಸು ಬೇಗ ಬಲಿಯುವುದಿಲ್ಲ, ಬಿರುಕೂ ಕಾಣುವುದಿಲ್ಲ. ನಿನ್ನ ಫೋಟೋದಲ್ಲಿ ಹಿಮ ಇತ್ತು ಪುಟ್ಟವ್ವಾ. ನೀನು ಎಲ್ಲೆಲ್ಲಿ ಕೊರೆದು ಅಳೆದೆ? ದಡದಲ್ಲಿ ಒಂದು ಸಲ ಅಳೆದು ನಡುವಿನವರೆಗೆ ನಡೆದುಬಿಟ್ಟೆಯಾ?

ಬಿದ್ದರೆ ಏನಾಗುತ್ತದೆ ಅನ್ನುವುದನ್ನೂ ಬರೆದಿದ್ದೇನೆ. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಬರುವುದಿಲ್ಲ. ಆಮೇಲೆ ಕೈಕಾಲು ನಮ್ಮ ಮಾತು ಕೇಳುವುದು ಸುಮಾರು 10 ನಿಮಿಷ. ಐಸಿನ ಅಂಚು ಹಿಡಿದರೆ ಮುರಿಯುತ್ತದೆ, ಮುರಿಯದಿದ್ದರೆ ಒದ್ದೆ ಕೈ ಜಾರುತ್ತದೆ. ಇಲ್ಲಿಗೆ ಬಂದಾಗ ಓದು ನಿಲ್ಲಿಸು ಅಂದೆ ಹುಡುಗನಿಗೆ. ನನಗೆ ಪಾಚಿ ಕಂಡಿತು. ಅಲ್ಲಿ ನಾನಿಲ್ಲ. ನೀನೀಗ ಕೂದಲೂ ಗಿಡ್ಡ ಮಾಡಿಸಿಕೊಂಡಿದ್ದೀಯ.

ಆಮೇಲೆ ಮತ್ತೆ ಓದಿಸಿದೆ. ಕೊರಳಿಗೆ ಹಾಕಿಕೊಳ್ಳುವ ಐಸ್ ಪಿಕ್ ಅಂತ ಬರುತ್ತದಂತೆ, ಎರಡು ಹಿಡಿ, ತುದಿಗೆ ಮೊಳೆ. ಅದನ್ನು ಐಸಿಗೆ ಚುಚ್ಚಿ ಮೈ ಎಳೆದುಕೊಳ್ಳಬೇಕು. ಬಂದ ದಾರಿಯ ಕಡೆಗೇ ತಿರುಗಬೇಕು, ಯಾಕೆಂದರೆ ಅಲ್ಲಿಯವರೆಗೆ ಐಸು ನಿನ್ನನ್ನು ತಡೆದಿತ್ತು. ಕಾಲು ಬಡಿದು ಮಲಗಿದ ಹಾಗೆ ಮೇಲೆ ಬರಬೇಕು. ಬಂದ ತಕ್ಷಣ ಎದ್ದು ನಿಲ್ಲಬಾರದು, ಉರುಳಿಕೊಂಡೇ ದೂರ ಹೋಗಬೇಕು. ಲೈಫ್ ಜಾಕೆಟ್ ಹಾಕಿಕೋ. ಇವೆಲ್ಲ ನಿನಗೆ ಗೊತ್ತಿರಬಹುದು. ಗೊತ್ತಿದ್ದರೂ ಓದು.

ನೀನು ಫೋನಿನಲ್ಲಿ ಒಂದು ಮಾತು ಅಂದೆ. 'ಮೀನು ಹಿಡಿಯೋರಿಗೆ ಐದು ತಿಂಗಳು ಸುಮ್ನೆ ಕೂರೋದು ಅಂದ್ರೆ ಏನು ಅಂತ ನಿನಗೆ ಗೊತ್ತಿಲ್ಲ ಅಪ್ಪಾ.' ಐದು ತಿಂಗಳು ಕೂತವನಲ್ಲ, ನಿಜ. ನಮ್ಮಲ್ಲಿ ಡಿಸೆಂಬರ್‌ನಲ್ಲೂ ಕುಂದುವಾಡ ಕೆರೆಯ ದಡಕ್ಕೆ ಹೋದರೆ, ಬಿಸಿಲು ಏರಿದ ಮೇಲೆ ಒಂದೆರಡು ಜಿಲೇಬಿ ಮೀನಾದರೂ ಸಿಗುತ್ತವೆ. ಬೆಳಿಗ್ಗೆ ಮುಟ್ಟುವುದಿಲ್ಲ ಅಷ್ಟೇ. ಆದರೆ ನಾಲೆ ಬಂದ್ ಆದಾಗ ನನ್ನ ಸ್ಥಿತಿ ನೀನು ನೋಡಿಲ್ವಾ? ಮಳೆಗಾಲದ ಬೆಳೆಗೆ ಬಿಟ್ಟ ನೀರು ನಿಲ್ಲಿಸಿ, ಜನವರಿಯಲ್ಲಿ ಬೇಸಿಗೆ ಬೆಳೆಗೆ ಮತ್ತೆ ಬಿಡುವವರೆಗೆ ನಾನು ಮನೆಯಲ್ಲಿ ಯಾರಿಗೂ ಬೇಡವಾಗಿ ಓಡಾಡುತ್ತಿದ್ದೆ. ನಿಮ್ಮವ್ವನನ್ನು ಕೇಳು.

ಆಗ ನಾವಿಬ್ಬರೂ ಏನು ಮಾಡುತ್ತಿದ್ದೆವು? ಒಣಗಿದ ನಾಲೆಯ ಒಳಗೆ ನಡೆಯುತ್ತಿದ್ದೆವು. ನೀರಿದ್ದಾಗ ಎಲ್ಲ ಒಂದೇ ಥರ ಹರಿಯುವುದು, ಒಳಗೆ ಏನಿದೆ ಅಂತ ತಿಳಿಯುವುದಿಲ್ಲ. ನೀರು ಹೋದ ಮೇಲೆ ಎಲ್ಲ ಕಾಣುತ್ತದೆ. ಎಲ್ಲಿ ಸಿಮೆಂಟು ಕಿತ್ತು ಗುಂಡಿ ಬಿದ್ದಿದೆ, ನೀರು ಧುಮುಕುವ ಕಡೆ ಎಷ್ಟು ಆಳ ಕೊರೆದಿದೆ, ಯಾವ ಆಲದ ಬೇರು ಒಳಗೆ ಇಳಿದಿದೆ, ಯಾವ ಕಲ್ಲಿನ ಹಿಂದೆ ಮೀನು ನಿಲ್ಲಬಹುದು. ನೀನು ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದೆ. ಬಾತಿ ಕಡೆಯ ಸೇತುವೆಯ ಕೆಳಗಿದ್ದ ಗುಂಡಿಯನ್ನು ಮೊದಲು ಕಂಡವಳು ನೀನು. ನಾನು ಅದರ ಮೇಲೆಯೇ ವರ್ಷಗಟ್ಟಲೆ ಓಡಾಡಿದ್ದೆ. ಜನವರಿಯಲ್ಲಿ ನೀರು ಬಿಟ್ಟ ಮೇಲೆ ನೀನು ಸರಿಯಾಗಿ ಅದೇ ಜಾಗಕ್ಕೆ ಗಾಳ ಬಿಟ್ಟು ಕಾಟ್ಲಾ ಎತ್ತಿದೆ. ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವರು ನಿಂತು ನೋಡಿದರು. ಹೆಣ್ಣುಮಗಳಿಗೆ ಯಾಕೆ ಇದೆಲ್ಲ ಅಂದವರೂ ಇದ್ದರು. ನಾನು ಅವರಿಗೆ ಏನೂ ಹೇಳಲಿಲ್ಲ, ನಿನಗೂ ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ. ನೀರು ಓದುವುದರಲ್ಲಿ ನೀನು ನನಗಿಂತ ಮುಂದೆ. ಅವತ್ತೇ ಮುಂದೆ ಇದ್ದೆ.

ನಿಮ್ಮ ಕೆರೆಗಳಲ್ಲಿ ನೀರು ಇಳಿಯುವುದಿಲ್ಲ, ಸರಿ. ಆದರೆ ಅದೇ ಇಲಾಖೆಯವರು ಕೆರೆಗಳ ಆಳದ ನಕ್ಷೆ ಕೊಟ್ಟಿದ್ದಾರೆ. ಎಲ್ಲಿ ಎಷ್ಟು ಅಡಿ, ಎಲ್ಲಿ ದಿಬ್ಬ, ಎಲ್ಲಿ ಇಳಿಜಾರು, ಯಾವ ವರ್ಷ ಯಾವ ಮರಿ ಬಿಟ್ಟರು ಅಂತ ಎಲ್ಲ ಇದೆ. ಹುಡುಗ ಒಂದು ತೆಗೆದು ತೋರಿಸಿದ. ನಮಗೆ ಸೂಳೆಕೆರೆಗೆ ಇಂಥದ್ದೊಂದು ಕೈಗೆ ಸಿಕ್ಕಿದ್ದರೆ ನಾನು ಊಟ ಬಿಟ್ಟು ನೋಡುತ್ತಿದ್ದೆ. ನಿನ್ನ ಕೆರೆಯದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸು. ಕಳೆದ ಬೇಸಿಗೆಯಲ್ಲಿ ಎಲ್ಲೆಲ್ಲಿ ಏನೇನು ಸಿಕ್ಕಿತು, ಗುರುತು ಹಾಕು. ನಿನ್ನ ವಾಲೈ ಮೀನು ಹಿಡಿಯುವುದಕ್ಕೆ ಹೇಗೂ ಫೆಬ್ರವರಿ ಕೊನೆಯ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯುವುದು ಮೇ ತಿಂಗಳ ನಡುವೆ. ಐಸು ಏಪ್ರಿಲ್‌ನಲ್ಲೇ ಕರಗಿದರೂ ನೀನು ಕಾಯಲೇಬೇಕು. ಆ ದಿನಕ್ಕೆ ತಯಾರಾಗು.

ರೀಲ್ ಬಿಚ್ಚಿ ಒರೆಸಿ ಎಣ್ಣೆ ಬಿಡು. ಸ್ವಲ್ಪ ಸಾಕು, ಜಾಸ್ತಿ ಬೇಡ. ದಾರವನ್ನು ಬಿಗಿ ಹಿಡಿಯುವ ಡ್ರ್ಯಾಗ್ ಸಡಿಲ ಮಾಡಿ ಇಡು, ಬಿಗಿಯಾಗಿಯೇ ಬಿಟ್ಟರೆ ಒಳಗಿನ ಬಿಲ್ಲೆ ಅಮುಕಿ ಹೋಗುತ್ತದೆ. ಹಳೇ ಟಂಗೂಸು ದಾರ ತೆಗೆದು ಬಿಸಾಕು. ಗಾಳಗಳನ್ನು ಉಗುರಿನ ಮೇಲೆ ಎಳೆದು ನೋಡು, ಕಚ್ಚದೆ ಜಾರಿದರೆ ಮಸೆ. ತುಕ್ಕು ಹಿಡಿದವನ್ನು ಆಸೆಗೆ ಇಟ್ಟುಕೊಳ್ಳಬೇಡ.

ಇದನ್ನೆಲ್ಲ ಬರೆಯುತ್ತಾ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಕೇಳಿಬಿಡುತ್ತೇನೆ. ನೀನು ಮೀನಿನ ಆಸೆಗೆ ಹೋದೆಯೋ, ರೂಮಿನಲ್ಲಿ ಇರಲಾರದೆ ಹೋದೆಯೋ? ಅಲ್ಲಿ ಈಗ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ನೀನು ಆಫೀಸಿನಿಂದ ಬರುವಾಗ ಕತ್ತಲು, ಹೋಗುವಾಗಲೂ ಮಬ್ಬು. ವೀಡಿಯೊ ಕಾಲ್‌ನಲ್ಲಿ ನಿನ್ನ ಹಿಂದೆ ಯಾವಾಗಲೂ ಅದೇ ಗೋಡೆ, ಅದೇ ದೀಪ. ನವೆಂಬರ್‌ನಿಂದ ನಿನ್ನ ಮಾತು ಕಡಿಮೆ ಆಗಿದೆ. ಏನು ಊಟ ಅಂದರೆ ಬ್ರೆಡ್ ಅನ್ನುತ್ತೀಯ. ನಿಮ್ಮವ್ವ ಕೇಳಿದರೆ ಚಳಿ ಅಷ್ಟೇ ಅನ್ನುತ್ತೀಯ. ಚಳಿಯಾದರೆ ಸ್ವೆಟರ್ ಇದೆ. ಬೇರೆ ಏನಾದರೂ ಆದರೆ ಹೇಳಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಬೆಳಕಿರುವಾಗ ಹೊರಗೆ ನಡೆದಾಡು. ದಿನಾ ನಡಿ. ಒಂದು ರೊಟ್ಟಿಯಾದರೂ ಬಿಸಿಯಾಗಿ ಮಾಡಿಕೋ. ಮನಸ್ಸು ತೀರಾ ಕುಗ್ಗಿದರೆ ಡಾಕ್ಟರ್ ಹತ್ತಿರ ಹೋಗು, ಅದರಲ್ಲಿ ಮುಚ್ಚಿಡುವುದು ಏನಿದೆ?

ಐಸಿಗೆ ಹೋಗಲೇಬೇಡ ಅಂತ ಫೋನಿನಲ್ಲಿ ಅಂದೆ. ಯೋಚನೆ ಮಾಡಿದೆ. ನೀನು ಹೋಗುವವಳೇ. ನಿನ್ನನ್ನು ನಾಲ್ಕು ವರ್ಷದ ಮಗುವಾಗಿದ್ದಾಗಲೇ ನೀರಿನ ಪಕ್ಕ ಕೂರಿಸಿದವನು ನಾನು. ಈಗ ದಡದಲ್ಲಿ ನಿಲ್ಲು ಅಂದರೆ ನೀನು ಯಾಕೆ ಕೇಳುತ್ತೀಯ? ಅಲ್ಲಿ ಐಸಿನ ಮೇಲೆ ಟೆಂಟ್ ಹಾಕಿ, ಒಲೆ ಇಟ್ಟುಕೊಂಡು, ಮಕ್ಕಳು ಮುದುಕರು ಎಲ್ಲ ಸೇರಿ ಮೀನು ಹಿಡಿಯುತ್ತಾರಂತೆ. ಹಾಗಿದ್ದರೆ ಅವರ ಜೊತೆ ಹೋಗು. ಈಗ ಬೇಡ, ಐಸು ಚೆನ್ನಾಗಿ ಬಲಿಯಲಿ, ಜನವರಿಯಲ್ಲಿ ನೋಡೋಣ. ಎರೆ ಮಾರುವ ಅಂಗಡಿಯವರನ್ನು ಕೇಳು, ಅವರಿಗೆ ದಿನಾ ಗೊತ್ತಾಗುತ್ತಿರುತ್ತದೆ. ಹೋದಾಗ ಆತುರ ಪಡಬೇಡ. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ, ಅದಕ್ಕೇ ಆ ನೀರು ತಳದಲ್ಲಿ ನಿಲ್ಲುತ್ತದೆ, ಮೇಲೆ ಐಸು ಕಟ್ಟುತ್ತದೆ. ಆ ತಣ್ಣೀರಿನಲ್ಲಿ ಮೀನಿಗೆ ಹಸಿವು ಕಡಿಮೆ. ಎಳೆಯುವುದಿಲ್ಲ, ಸುಮ್ನೆ ಮುಟ್ಟಿ ನೋಡುತ್ತದೆ. ಕೋಲಿನ ತುದಿ ಒಂದು ಅಕ್ಕಿ ಕಾಳಿನಷ್ಟು ಅಲುಗಿದರೂ ನೋಡಬೇಕು. ಅದು ನಿನಗೆ ಬರುತ್ತದೆ.

ನವಿಲುಗರಿಯ ಬೆಂಡು ಕಳಿಸೋಣ ಅಂತ ಮಾಡಿ ಇಟ್ಟಿದ್ದೆ. ನವಿಲುಗರಿ ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲವಂತೆ, ಮೇಷ್ಟ್ರು ಹೇಳಿದರು. ನೀನು ಬಂದಾಗ ತಗೋ. ನಿಮ್ಮವ್ವ ಶೇಂಗಾ ಚಟ್ನಿಪುಡಿ, ಖಾರ ಮಂಡಕ್ಕಿ ಕಟ್ಟಿದ್ದಾಳೆ. ಮಂಡಕ್ಕಿ ಬೇಗ ತಿನ್ನು, ಮೆತ್ತಗಾಗುತ್ತದೆ.

ಐಸ್ ಪಿಕ್ ತಗೊಂಡು ಫೋಟೋ ಕಳಿಸು. ಜೊತೆಗೆ ಬರುವವರ ಹೆಸರು, ಫೋನ್ ನಂಬರ್ ಕಳಿಸು. ಐಸಿನ ಮೇಲೆ ಕಾಲಿಡುವ ಮುಂಚೆ ಒಂದು ಸಲ ಫೋನ್ ಮಾಡು, ದಡಕ್ಕೆ ಬಂದ ಮೇಲೆ ಒಂದು ಸಲ ಮಾಡು. ನೀನು ಸಂಜೆ ಐದಕ್ಕೆ ವಾಪಸ್ ಬಂದರೆ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆ. ನಿಮ್ಮವ್ವನ ಫೋನಿಗೆ ಬೇಡ, ನನ್ನದಕ್ಕೆ ಮಾಡು. ನಾನು ಎದ್ದಿರುತ್ತೇನೆ.

ನಿನ್ನ ಅಪ್ಪ