ಸಿನಿಮಾದಲ್ಲಿ ಯಾರೂ ಗೊತ್ತಿಲ್ಲ ಎಂದವಳಿಗೆ

ಪ್ರೀತಿಯ ತಂಗಿ,

ನಿನ್ನ ಪತ್ರ, ಜೊತೆಗೆ ಕಳಿಸಿದ ಎರಡು ಕಥೆ, ಚಿತ್ರಕಥೆಯ ಮೊದಲರ್ಧ ಎಲ್ಲವನ್ನೂ ಓದಿದೆ. ಬರವಣಿಗೆಯ ಬಗ್ಗೆ ಇನ್ನೊಂದು ಪತ್ರದಲ್ಲಿ ಹೇಳುತ್ತೇನೆ. ಇವತ್ತು ನಿನ್ನ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ. "ಹಾವೇರಿಯಲ್ಲಿ ಕೂತು ಬರೆದರೆ ಯಾರು ಕೇಳುತ್ತಾರೆ ಅಕ್ಕಾ? ಸಿನಿಮಾದಲ್ಲಿ ನನಗೆ ಯಾರೂ ಗೊತ್ತಿಲ್ಲ. ದೊಡ್ಡವರ ಪರಿಚಯ ಮಾಡಿಕೊಳ್ಳುವುದು ಹೇಗೆ?" ಎಂದು ಬರೆದಿದ್ದೀಯ.

ಪರಿಚಯ ಬೇಕು. ಪ್ರತಿಭೆ ಇದ್ದರೆ ಸಾಕು, ತಾನಾಗಿಯೇ ಎಲ್ಲ ಆಗುತ್ತದೆ ಎನ್ನುವವರ ಮಾತು ಕೇಳಬೇಡ. ಕಥೆ, ಕವಿತೆಯನ್ನು ಒಬ್ಬಳೇ ಬರೆದು ಪತ್ರಿಕೆಗೆ ಕಳಿಸಬಹುದು. ಸಿನಿಮಾ ಹಾಗಲ್ಲ. ಯಾರದೋ ದುಡ್ಡು, ಎಷ್ಟೋ ಜನರ ದುಡಿಮೆ, ತಿಂಗಳುಗಟ್ಟಲೆ ಸಮಯ ಅದರಲ್ಲಿ ಇರುತ್ತದೆ. ನಡುವೆ ಕೈಕೊಟ್ಟು ಹೋಗುವವರನ್ನು ಕಟ್ಟಿಕೊಳ್ಳಲು ಯಾರಿಗೂ ಧೈರ್ಯ ಬರುವುದಿಲ್ಲ. ಆದ್ದರಿಂದಲೇ ಗೊತ್ತಿರುವವರನ್ನು ಮೊದಲು ಕರೆಯುತ್ತಾರೆ. ಅದರಲ್ಲಿ ಅನ್ಯಾಯವೂ ಇದೆ, ಒಂದು ಮಟ್ಟಿಗೆ ನ್ಯಾಯವೂ ಇದೆ.

ಆದರೆ "ದೊಡ್ಡವರ ಪರಿಚಯ" ಎಂದಿದ್ದೀಯಲ್ಲ, ಅಲ್ಲೇ ನನ್ನ ತಕರಾರು. ಸ್ಟಾರ್‌ಗಳ ಮನೆ ಮುಂದೆ, ಗಾಂಧಿನಗರದ ನಿರ್ಮಾಪಕರ ಆಫೀಸುಗಳಲ್ಲಿ ಫೈಲ್ ಹಿಡಿದು ಕಾದವರನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಸಿಗುವುದು ಮುಖ ಪರಿಚಯ. ಜೊತೆಗೊಂದು ಫೋಟೋ. ನಾಳೆ ಅದೇ ವ್ಯಕ್ತಿ ಎದುರು ಸಿಕ್ಕರೆ ನಿನ್ನ ಹೆಸರು ಅವರ ಬಾಯಿಗೆ ಬರುವುದಿಲ್ಲ. ನೀನು ಬರೆದದ್ದನ್ನು ಅವರು ಓದಿಲ್ಲ, ನೀನು ಕೆಲಸ ಮಾಡಿದ್ದನ್ನು ನೋಡಿಲ್ಲ. ನೆನಪಿಟ್ಟುಕೊಳ್ಳಲು ಅವರಿಗೆ ಏನಿದೆ ಹೇಳು? ನಿನಗೆ ಬೇಕಾದ ಪರಿಚಯ ನಿನ್ನ ವಾರಿಗೆಯವರದು. ಈಗ ಶಾರ್ಟ್ ಫಿಲಂ ಮಾಡುತ್ತಿರುವವರು, ಯಾರದೋ ಕೈಕೆಳಗೆ ಅಸಿಸ್ಟೆಂಟ್ ಡೈರೆಕ್ಟರ್ ಆಗಿ ಕ್ಲ್ಯಾಪ್ ಹೊಡೆಯುತ್ತಿರುವವರು, ರಾತ್ರಿಯೆಲ್ಲ ಎಡಿಟಿಂಗ್ ಟೇಬಲ್‌ನಲ್ಲಿ ಕೂತಿರುವವರು. ಕೆಲವು ವರ್ಷ ಕಳೆದ ಮೇಲೆ ಸಿನಿಮಾ ಮಾಡುವವರು ಅವರೇ.

ಕನ್ನಡ ಸಿನಿಮಾದ ಒಳ್ಳೆಯ ತಂಡಗಳು ಹುಟ್ಟಿದ್ದೂ ಬಹುಪಾಲು ಹೀಗೆಯೇ. 'ಸಂಸ್ಕಾರ'ವನ್ನೇ ತಗೋ. ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ, ಸಿನಿಮಾ 1970ರಲ್ಲಿ. ಚಿತ್ರಕಥೆ ಬರೆದ ಗಿರೀಶ ಕಾರ್ನಾಡರು ಆಗ ಮದ್ರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದರು, ಸಂಜೆ ಮದ್ರಾಸ್ ಪ್ಲೇಯರ್ಸ್ ಜೊತೆ ನಾಟಕ ಮಾಡುತ್ತಿದ್ದರು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ. ಅವರ ಹೆಂಡತಿ ಸ್ನೇಹಲತಾ ರೆಡ್ಡಿ ಅದೇ ನಾಟಕ ತಂಡದವರು, ಚಂದ್ರಿಯ ಪಾತ್ರ ಅವರದೇ. ನಾರಣಪ್ಪನಾದವರು ಲಂಕೇಶ್. ಕಲಾ ನಿರ್ದೇಶನಕ್ಕೆ ಚಿತ್ರಕಲಾವಿದ ಎಸ್.ಜಿ. ವಾಸುದೇವ್, ಸಂಗೀತಕ್ಕೆ ಸರೋದ್ ವಾದಕ ರಾಜೀವ ತಾರಾನಾಥ್, ಕ್ಯಾಮೆರಾಗೆ ಆಸ್ಟ್ರೇಲಿಯಾದ ಟಾಮ್ ಕೋವನ್. ಕವಿತೆ, ನಾಟಕ, ಚಿತ್ರಕಲೆ, ಸಂಗೀತದವರೆಲ್ಲ ಒಂದು ಕಾದಂಬರಿಯ ಸುತ್ತ ಕೂಡಿಕೊಂಡರು. ಆ ವರ್ಷದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಈ ಹೆಸರುಗಳನ್ನು ಓದುವಾಗ ಒಂದನ್ನು ಗಮನಿಸು. ಸಿನಿಮಾದ ಪರಿಚಯ ಸಿನಿಮಾದ ಒಳಗೇ ಸಿಗಬೇಕೆಂದಿಲ್ಲ.

ಈಚಿನದು ಬೇಕಾದರೆ 'ತಿಥಿ'. ರಾಮ್ ರೆಡ್ಡಿಯವರ ಜೊತೆ ಅದನ್ನು ಬರೆದ ಈರೇಗೌಡರು ಮಂಡ್ಯ ಕಡೆಯ ನೊದೆಕೊಪ್ಪಲಿನವರು. ಸಿನಿಮಾ ಅವರ ಊರಿನ ಬದುಕಿನಿಂದಲೇ ಎದ್ದದ್ದು, ಪಾತ್ರ ಮಾಡಿದವರೂ ಆ ಸೀಮೆಯ ಜನವೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ದೊಡ್ಡ ಪ್ರಶಸ್ತಿ ಬಂತು. ಊರು ಬಿಟ್ಟರೇನೇ ಸಿನಿಮಾ ಎಂದುಕೊಂಡಿರುವ ನೀನು ಅದನ್ನು ಇನ್ನೊಮ್ಮೆ ನೋಡು. ರಕ್ಷಿತ್ ಶೆಟ್ಟಿ, ರಿಷಬ್ ಶೆಟ್ಟಿಯವರ ಕಥೆ ನಿನಗೆ ಗೊತ್ತೇ ಇದೆ. 2014ರಲ್ಲಿ ರಕ್ಷಿತ್ ಅವರ ಮೊದಲ ನಿರ್ದೇಶನದಲ್ಲಿ ರಿಷಬ್ ನಟಿಸಿದರು. 2016ರಲ್ಲಿ ರಿಷಬ್ ಅವರ ಮೊದಲ ನಿರ್ದೇಶನಕ್ಕೆ ರಕ್ಷಿತ್ ನಾಯಕರಾದರು. ರಕ್ಷಿತ್ ಸುತ್ತ ಸೇರಿದ ಬರಹಗಾರರ ಗುಂಪು 'ದಿ ಸೆವೆನ್ ಆಡ್ಸ್' ಎಂಬ ಹೆಸರಿನಲ್ಲೇ ಟೈಟಲ್ ಕಾರ್ಡ್‌ಗೆ ಬಂತು.

ಹಾಗಾದರೆ ಇಂಥವರು ಎಲ್ಲಿ ಸಿಗುತ್ತಾರೆ? ಬೆಂಗಳೂರಿಗೆ ಬಂದಾಗ ಬನಶಂಕರಿಯ ಸುಚಿತ್ರಕ್ಕೆ ಹೋಗು. 1971ರಿಂದ ನಡೆದು ಬಂದ ಫಿಲ್ಮ್ ಸೊಸೈಟಿ ಅದು. ಸಿನಿಮಾ ಮುಗಿದ ಮೇಲೆ ಹೊರಗೆ ನಿಂತು ಮಾತಾಡುವ ಗುಂಪು ಇರುತ್ತದಲ್ಲ, ನೀನು ಸೇರಬೇಕಾದದ್ದು ಅದನ್ನು. ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಬಾ. ಅಲ್ಲಿ ಸಾಲಿನಲ್ಲಿ ನಿನ್ನ ಹಿಂದೆ ಮುಂದೆ ನಿಂತವರಲ್ಲಿ ಅರ್ಧ ಜನ ನಿನ್ನ ಹಾಗೇ ಚಿತ್ರಕಥೆ ಬರೆದಿಟ್ಟುಕೊಂಡವರು. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡು. ಕೇಂದ್ರ ಸರ್ಕಾರದ ಚಲನಚಿತ್ರ ನಿಗಮವಾದ ಎನ್‌ಎಫ್‌ಡಿಸಿಯವರು 2007ರಿಂದ ಗೋವಾದಲ್ಲಿ ನಡೆಸುತ್ತಿರುವ ಫಿಲ್ಮ್ ಬಜಾರ್, ಅವರದೇ ಚಿತ್ರಕಥೆಗಾರರ ಲ್ಯಾಬ್ ಎಲ್ಲ ಇವೆ. ಒಂದು ಚಿತ್ರಕಥೆಯನ್ನು ಪೂರ್ತಿ ತಿದ್ದಿ ಮುಗಿಸಿದ ಮೇಲೆ ಅವಕ್ಕೆ ಅರ್ಜಿ ಹಾಕು. ಈಗಲೇ ಬೇಡ.

ಅದಕ್ಕೂ ಮುಂಚೆ ನಿನ್ನ ಸುತ್ತ ನೋಡು. ನಿಮ್ಮ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಶೇಷಗಿರಿಯಲ್ಲಿ ಊರವರೇ ಕಟ್ಟಿ ಬೆಳೆಸಿದ ರಂಗತಂಡವಿದೆ. ಅತ್ತ ಹೆಗ್ಗೋಡಿನಲ್ಲಿ ನೀನಾಸಂ ಇದೆ. ಅಲ್ಲಿ ಕಲಿತವರು ಎಷ್ಟು ಜನ ಈಗ ಸಿನಿಮಾದಲ್ಲಿದ್ದಾರೆ ಎಂದು ನಿನಗೇ ಗೊತ್ತು. ಒಂದು ನಾಟಕಕ್ಕೆ ನಾಲ್ಕು ಹಾಡು ಬರೆದುಕೊಡು, ರಿಹರ್ಸಲ್‌ನಲ್ಲಿ ಕೂತು ಮಾತುಗಳನ್ನು ತಿದ್ದಿಕೊಡು. ನಟರ ಬಾಯಲ್ಲಿ ನಿನ್ನ ಸಾಲು ಎಲ್ಲಿ ತೊಡರುತ್ತದೆ ಎಂದು ಕಿವಿಯಾರೆ ಕೇಳು. ನಾಳೆ ಅವರಲ್ಲೊಬ್ಬರಿಗೆ ಸಿನಿಮಾದಲ್ಲಿ ಪಾತ್ರ ಸಿಕ್ಕಿ, ಅಲ್ಲಿ ಡೈಲಾಗ್ ಸರಿ ಬರದೆ ಒದ್ದಾಡುತ್ತಿದ್ದರೆ, ಅವರು ನಿನ್ನ ಹೆಸರು ಹೇಳುತ್ತಾರೆ.

ನಿನ್ನ ಮಾತು ಕೂಡ ಒಂದು ಬಾಗಿಲು. ಹಾವೇರಿ, ರಾಣೆಬೆನ್ನೂರು ಕಡೆಯ ಕನ್ನಡವನ್ನು ಬೆಂಗಳೂರಿನಲ್ಲಿ ಕೂತವರು ಬರೆದಾಗ ಅದು ಬರೀ "ಹೌದ್ರೀ, ಇಲ್ರೀ" ಆಗಿಬಿಡುತ್ತದೆ. ಊರಿನ ಮಾತು ಊರಿನ ಹಾಗೇ ಕೇಳಿಸಬೇಕು ಎಂದು ಈಗಿನ ನಿರ್ದೇಶಕರು ಬಯಸುತ್ತಾರೆ. ಮಂಗಳೂರಿನ, ಕುಂದಾಪುರದ ಕನ್ನಡವನ್ನು ಜನ ಥಿಯೇಟರಿನಲ್ಲಿ ಎಷ್ಟು ಇಷ್ಟಪಟ್ಟರು, ನೋಡಿದೆಯಲ್ಲ. ಯಾರಾದರೂ ನಿಮ್ಮ ಕಡೆಯ ಕಥೆ ಮಾಡುತ್ತಿದ್ದಾರೆಂದು ಗೊತ್ತಾದರೆ ಅವರ ಕೋ-ಡೈರೆಕ್ಟರ್‌ಗೆ ಬರಿ. "ನಿಮ್ಮ ಸಂಭಾಷಣೆಯನ್ನು ನಮ್ಮ ಕಡೆಯ ಮಾತಿಗೆ ತರಲು ಕೆಲಸ ಮಾಡಬಲ್ಲೆ, ಮಾದರಿಗೆ ಒಂದು ದೃಶ್ಯ ಬರೆದುಕೊಡುತ್ತೇನೆ" ಎನ್ನು. ಅವಕಾಶ ಕೊಡಿ ಎಂದು ಕೇಳಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಸಿನಿಮಾ ತಂಡ ಕೂತು ಕಥೆ ಚರ್ಚಿಸುವ ಒಂದು ಡಿಸ್ಕಷನ್ ಹೇಗಿರುತ್ತದೆ ಎಂದು ಹೇಳುತ್ತೇನೆ, ನಿನಗೆ ಉಪಯೋಗವಾದೀತು. ನಾಗರಬಾವಿ ಕಡೆ ಒಂದು ಬಾಡಿಗೆ ಮನೆ. ಬಾಗಿಲಲ್ಲಿ ಚಪ್ಪಲಿ ರಾಶಿ. ಒಳಗೆ ಕುರ್ಚಿ ಕಡಿಮೆ, ನೆಲದ ಮೇಲೆ ಚಾಪೆ. ಗೋಡೆ ತುಂಬ ಸೀನ್ ಬರೆದು ಅಂಟಿಸಿದ ಚೀಟಿಗಳು. ಇಂಟರ್ವಲ್ ಸೀನ್ ಕೂರುತ್ತಿಲ್ಲ. ಎಲ್ಲರೂ ಒಂದೊಂದು ಐಡಿಯಾ ಹೇಳುತ್ತಿದ್ದಾರೆ, ಜೋರಾಗಿ ಹೇಳಿದವರ ಮಾತು ಗೆಲ್ಲುತ್ತಿದೆ. ಅಂಥದೊಂದು ಕೋಣೆಯಲ್ಲಿ ಒಬ್ಬ ಹುಡುಗ ಮೂಲೆಯಲ್ಲಿ ಕೂತು ಸುಮ್ನೆ ಬರೆದುಕೊಳ್ಳುತ್ತಿದ್ದ. ಸಂಜೆ ಹೊರಡುವಾಗ ಒಂದೇ ಮಾತು ಕೇಳಿದ: "ಸರ್, ಇಲ್ಲಿ ಅವಳಿಗೆ ಗೊತ್ತಿರಬೇಕಾ, ಗೊತ್ತಿರಬಾರದಾ?" ಮರುದಿನ ಅದೇ ಸೀನನ್ನು ಎರಡು ರೀತಿ ಬರೆದು ತಂದ. ಒಂದರಲ್ಲಿ ನಾಯಕಿಗೆ ಸತ್ಯ ಗೊತ್ತು, ಇನ್ನೊಂದರಲ್ಲಿ ಗೊತ್ತಿಲ್ಲ. ಎರಡನ್ನೂ ನಿರ್ದೇಶಕರು ಪೂರ್ತಿ ಒಪ್ಪಲಿಲ್ಲ. ಆದರೆ ಚರ್ಚೆ ಆಮೇಲೆ ಅವನ ಕಾಗದದ ಮೇಲೆಯೇ ನಡೆಯಿತು. ಮುಂದಿನ ಸಿನಿಮಾಗೆ ನಿರ್ದೇಶಕರು ಮೊದಲು ಫೋನ್ ಮಾಡಿದ್ದು ಅವನಿಗೆ. ಆ ಕೋಣೆಯಲ್ಲಿದ್ದ ಅಸೋಸಿಯೇಟ್ ಡೈರೆಕ್ಟರ್ ತನ್ನ ಸ್ವಂತ ಸಿನಿಮಾ ಶುರು ಮಾಡಿದಾಗಲೂ ಅವನನ್ನೇ ಕರೆದ. ಅಲ್ಲಿದ್ದ ಇತರರು ಅವನಿಗಿಂತ ಜಾಸ್ತಿ ಜನರನ್ನು ಬಲ್ಲವರಾಗಿದ್ದರು.

ಯಾರನ್ನಾದರೂ ಭೇಟಿಯಾದ ಮೇಲೆ ಒಂದು ಮೆಸೇಜ್ ಹಾಕು. ನೀನು ಯಾರು, ಎಲ್ಲಿ ಸಿಕ್ಕಿದ್ದು, ಯಾವ ವಿಷಯ ಮಾತಾಡಿದ್ದು, ಇಷ್ಟಿರಲಿ. ಕೇಳದೆ ಇಡೀ ಸ್ಕ್ರಿಪ್ಟ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡ. "ಒಂದು ಪುಟದ ಕಥಾಸಾರ ಇದೆ, ಕಳಿಸಬಹುದಾ?" ಎಂದು ಕೇಳು. ಉತ್ತರ ಬರದಿದ್ದರೆ ಕೆಲವು ವಾರ ಬಿಟ್ಟು ಒಮ್ಮೆ ನೆನಪಿಸು, ಅಷ್ಟೇ ಸಾಕು. ದಿನಾ ಗುಡ್ ಮಾರ್ನಿಂಗ್ ಕಳಿಸುವವರ ನಂಬರನ್ನು ಜನ ಮ್ಯೂಟ್ ಮಾಡುತ್ತಾರೆ. ಅವರ ಸಿನಿಮಾ ಬಿಡುಗಡೆಯಾದಾಗ ನೋಡಿ, ನಿನಗೆ ನಿಜವಾಗಿ ತಟ್ಟಿದ ಒಂದು ದೃಶ್ಯದ ಬಗ್ಗೆ ಎರಡು ಸಾಲು ಬರಿ. ಎಲ್ಲರೂ "ಸೂಪರ್ ಸರ್" ಎನ್ನುವಾಗ ಆ ಎರಡು ಸಾಲು ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ಕಥೆ ಕದಿಯುತ್ತಾರೆ ಎಂಬ ಭಯ ನಿನ್ನ ಪತ್ರದಲ್ಲಿ ಎರಡು ಕಡೆ ಇದೆ. ಭಯ ಸುಳ್ಳಲ್ಲ. ಆದರೆ ಕಾನೂನು ಏನು ಹೇಳುತ್ತದೆಂದು ತಿಳಿದಿರು. ಬರೀ ಒಂದು ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನು ನೀನು ಬರೆದ ರೀತಿಗೆ ಇದೆ. 1978ರಲ್ಲಿ ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ "ನನ್ನ ಹತ್ತಿರ ಒಂದು ಲೈನ್ ಇದೆ" ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಬೇಡ. ಮೊದಲು ಪೂರ್ತಿ ಬರಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯಳಾಗಿ ನಿನ್ನ ಚಿತ್ರಕಥೆಯನ್ನು ನೋಂದಾಯಿಸು. ಆಮೇಲೆ ಧೈರ್ಯವಾಗಿ ಹೇಳು. ಯಾರಿಗೆ, ಯಾವತ್ತು ಕಥೆ ಹೇಳಿದೆ ಎಂದು ಡೈರಿಯಲ್ಲಿ ಗುರುತು ಹಾಕಿಕೋ. ಹೇಳಿದ ದಿನವೇ "ಇವತ್ತು ನಿಮಗೆ ಈ ಹೆಸರಿನ ಕಥೆ ಹೇಳಿದೆ, ಕೇಳಿದ್ದಕ್ಕೆ ಧನ್ಯವಾದ" ಎಂದು ಇಮೇಲ್ ಕಳಿಸು. ಅದು ಮರ್ಯಾದೆಯೂ ಹೌದು, ದಾಖಲೆಯೂ ಹೌದು.

ಇನ್ನೊಂದು ವಿಷಯ. ಇದನ್ನು ನಿಧಾನವಾಗಿ ಓದು. ಹೀರೋಗೆ ಪರಿಚಯ ಮಾಡಿಸುತ್ತೇನೆ, ಇಷ್ಟು ದುಡ್ಡು ಕೊಡಿ ಎನ್ನುವವರು ಸಿಗುತ್ತಾರೆ. ಒಂದು ರೂಪಾಯಿಯೂ ಕೊಡಬೇಡ. ಬರಹಗಾರರಿಗೆ ದುಡ್ಡು ಬರಬೇಕೇ ಹೊರತು ಬರಹಗಾರರಿಂದ ಹೋಗಬಾರದು. ಕಥೆ ಕೇಳಲು ರಾತ್ರಿ ಹೋಟೆಲ್ ರೂಮಿಗೆ ಕರೆಯುವವರೂ ಇರುತ್ತಾರೆ. "ಹಗಲು ಆಫೀಸಿನಲ್ಲಿ ಸಿಗೋಣ, ನನ್ನ ಜೊತೆ ಒಬ್ಬರು ಬರುತ್ತಾರೆ" ಎಂದು ಹೇಳು. ಒಪ್ಪದಿದ್ದರೆ ಆ ಸಿನಿಮಾ ನಿನಗೆ ಬೇಡ. ಇದರಿಂದ ಅವಕಾಶ ಹೋಯಿತೇನೋ ಎಂದು ಕೊರಗಬೇಡ, ಅಲ್ಲಿ ಅವಕಾಶ ಇರಲೇ ಇಲ್ಲ. ಏನಾದರೂ ನಡೆದರೆ ತಪ್ಪು ನಿನ್ನದಲ್ಲ, ಮುಚ್ಚಿಟ್ಟುಕೊಳ್ಳಲೂ ಬೇಡ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ನಮ್ಮಲ್ಲಿ 2017ರಲ್ಲಿ ಹುಟ್ಟಿದ, ಚಿತ್ರರಂಗದವರ ಹಕ್ಕು, ಸಮಾನತೆಗಾಗಿರುವ 'ಫೈರ್' ಸಂಸ್ಥೆ ಈ ವಿಷಯಕ್ಕೇ ಹೋರಾಡುತ್ತಿದೆ. ಸಿನಿಮಾದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಪರಿಚಯವನ್ನು ಮೊದಲೇ ಮಾಡಿಕೋ. ಕಾಸ್ಟ್ಯೂಮ್, ಎಡಿಟಿಂಗ್, ಡೈರೆಕ್ಷನ್, ಎಲ್ಲ ಕಡೆ ಇದ್ದಾರೆ. ಯಾವ ತಂಡ ಹೇಗೆ ಎಂದು ಅವರಿಗೆ ಗೊತ್ತಿರುತ್ತದೆ. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಗೆಳೆತನ ಆಯಿತೆಂದು ಲೆಕ್ಕ ಬಿಡಬೇಡ. ಗೆಳೆಯರ ಸಿನಿಮಾದಲ್ಲೂ ಅಡ್ವಾನ್ಸ್ ಎಷ್ಟು, ಎಷ್ಟು ವರ್ಷನ್ ಬರೆಯಬೇಕು, ಟೈಟಲ್ ಕಾರ್ಡ್‌ನಲ್ಲಿ ಹೆಸರು ಹೇಗೆ ಬರುತ್ತದೆ, ಮೂರನ್ನೂ ಶುರುವಿನಲ್ಲೇ ಕೇಳು, ಬರಹದಲ್ಲಿ ಇಟ್ಟುಕೋ. ಮೊದಲೇ ಮಾತಾಡದ ದುಡ್ಡಿನಿಂದ ಮುರಿದ ಗೆಳೆತನಗಳನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ನೀನು ಬೇರೆಯವರ ಚಿತ್ರಕಥೆ ಓದಿ ಸಲಹೆ ಕೊಟ್ಟರೆ, ಅವರೂ ನಿನ್ನದನ್ನು ಓದಿ ಸಲಹೆ ಕೊಡಲಿ ಎಂದು ನಿರೀಕ್ಷಿಸು. ಓದಿ ಕೊಡುತ್ತೇನೆ ಎಂದರೆ ಓದಿಯೇ ಕೊಡು. ಈ ಒಂದು ಗುಣಕ್ಕೆ ನಮ್ಮಲ್ಲಿ ತುಂಬ ಬರ ಇದೆ.

ಶಾಲೆಯ ಕೆಲಸ ಬಿಟ್ಟು ಬೆಂಗಳೂರಿಗೆ ಬಂದುಬಿಡಲೇ ಎಂದಿದ್ದೀಯ. ಬಿಡಬೇಡ, ಕೊನೇ ಪಕ್ಷ ಈ ವರ್ಷ ಬಿಡಬೇಡ. ಬಾಡಿಗೆಯ ಚಿಂತೆಯಲ್ಲಿರುವವರು ಎಂಥ ಕೆಲಸಕ್ಕೂ ತಲೆಯಾಡಿಸಬೇಕಾಗುತ್ತದೆ. ಸಂಬಳ ಇದ್ದರೆ ಬೇಡ ಎನ್ನುವ ಶಕ್ತಿ ಇರುತ್ತದೆ. ದಸರಾ ರಜೆಗೆ ಬಾ, ನಮ್ಮ ಮನೆಯಲ್ಲೇ ಉಳಿ. ಅಷ್ಟರೊಳಗೆ ಚಿತ್ರಕಥೆಯ ಉಳಿದರ್ಧ ಮುಗಿಸು. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಅಸೋಸಿಯೇಟ್‌ಗಳು ಅವರವರ ಮೊದಲ ಸಿನಿಮಾಗೆ ಕಥೆ ಹುಡುಕುತ್ತಿದ್ದಾರೆ, ಒಬ್ಬಳು ನಿಮ್ಮ ಕಡೆಯವಳೇ. ಅವರಿಬ್ಬರಿಗೂ ನಿನ್ನ ಕಥೆ ಓದಲು ಕೊಡಬಹುದಾ ಎಂದು ತಿಳಿಸು. ನೀನು ಹೂಂ ಎನ್ನುವವರೆಗೆ ಯಾರಿಗೂ ಕೊಡುವುದಿಲ್ಲ.

ಪ್ರೀತಿಯಿಂದ,
ಅಕ್ಕ